ಕೆಸರಿನ ಕೆಳಗಿನ ತುಕ್ಕು

ಹಳೆಯ ವಾಹನವೊಂದಕ್ಕೆ ನೀರೆರಚಿ ಒರೆಸುವುದು ಬೇರೆ, ಅದನ್ನು ಅಡಿಯಿಂದ ಮುಡಿಯವರೆಗೆ ಶುಚಿಗೊಳಿಸುವುದು ಬೇರೆ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಲಾರಿ, ಟೆಂಪೊಗಳನ್ನೇ ನಂಬಿ ಬದುಕುವ ಕುಟುಂಬಗಳು ಅನೇಕ. ಆಶೀರ್ವಾದಕ್ಕೆಂದು ದೇವಾಲಯದ ಅಂಗಳಕ್ಕೆ ತರುವ ದಿನ ಗಾಜು, ಕನ್ನಡಿ, ಬಂಪರುಗಳು ಹೊಳೆಯುತ್ತಿರುತ್ತವೆ. ಒಳಗೆ ಜಪಸರ ತೂಗುತ್ತಿರುತ್ತದೆ. ಗಾಡಿಯ ಅಡಿಗೆ ಬಗ್ಗಿ ನೋಡುವವರಿಲ್ಲ. ಯಾಜಕರಾದ ನಾವೂ ತೀರ್ಥ ಚಿಮುಕಿಸುವುದು ಮೇಲಿನಿಂದಲೇ.

ಇತ್ತೀಚೆಗೆ ತರುಣನೊಬ್ಬ ತನ್ನ ತಂದೆಯ ಟಾಟಾ 407 ಲಾರಿಯನ್ನು ಮಾರಲು ನಿಶ್ಚಯಿಸಿದ. ತಂಗಿಯ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಮಲ್ಪೆ ಬಂದರಿನಿಂದ ಆಗುಂಬೆ ಘಾಟಿಯ 14 ತಿರುವುಗಳನ್ನೇರಿ 20 ವರ್ಷ ಮೀನು ಸಾಗಿಸಿದ ಗಾಡಿ ಅದು. ಒಳ್ಳೆಯ ಬೆಲೆ ಬರಲೆಂದು ತಾನೇ ಕೈಯಾರೆ ಶುಚಿಗೊಳಿಸಲು ತೊಡಗಿದ. ಅವನಿಗೆ ಇದು ಮೊದಲ ಅನುಭವ.

ಈ ಕೆಲಸಕ್ಕೂ ಒಂದು ಕ್ರಮವಿದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಸೋಪುನೀರು ಹಾಕಬಾರದು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕು. ಮೊದಲು ಚಕ್ರಗಳು ಮತ್ತು ಅಡಿಭಾಗ, ಆಮೇಲೆ ಛಾವಣಿಯಿಂದ ಕೆಳಮುಖವಾಗಿ. ಇಂಜಿನಿನ ಬಳಿ ಆಲ್ಟರ್ನೇಟರನ್ನೂ ಗಾಳಿ ಎಳೆದುಕೊಳ್ಳುವ ಬಾಯಿಯನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಡೀಸೆಲ್ ಎರಚಿ ಹೊಳಪು ತರಿಸುವ ಹಳೆಯ ಅಭ್ಯಾಸ ರಬ್ಬರ್ ಬುಷ್‌ಗಳಿಗೆ ಹಾನಿಕರ. ಬಣ್ಣ ಮಾಸಿ ಸುಣ್ಣದಂತೆ ಕೈಗೆ ಹತ್ತುವ ಕಡೆ ಪಾಲಿಶ್ ಹಾಕಿ ಉಜ್ಜಿದಾಗ ಬಟ್ಟೆಗೆಲ್ಲ ಬಣ್ಣ ಅಂಟುವುದನ್ನು ಕಂಡು ಹುಡುಗ ಗಾಬರಿಯಾದನಂತೆ. ಮೇಲೆ ಪಾರದರ್ಶಕ ಲೇಪವಿಲ್ಲದ ಹಳೆಯ ಬಣ್ಣಕ್ಕೆ ಅದು ಸಹಜ. ಸತ್ತ ಪದರ ಹೋದ ಮೇಲೆ ಕೆಳಗಿನ ಬಣ್ಣ ಮತ್ತೆ ಹೊಳೆಯಿತು. ಇದರಲ್ಲಿ ವಂಚನೆ ಏನೂ ಇಲ್ಲ. ಇದ್ದ ಬಣ್ಣವೇ ಹೊರಬಂತು.

ತೊಂದರೆ ಕಾದಿದ್ದುದು ಅಡಿಭಾಗದಲ್ಲಿ. ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರನ್ನು ಚಾಸಿಯ ಸಂದುಗಳಲ್ಲಿ ಕೂತ ಕೆಸರು ಹೀರಿಕೊಂಡು ಹಿಡಿದಿಡುತ್ತದೆ. ಕಬ್ಬಿಣವನ್ನು ಅದು ಒಳಗೊಳಗೇ ತಿನ್ನುತ್ತದೆ. ಗಟ್ಟಿಯಾದ ಕೆಸರನ್ನು ಕೆರೆದಾಗ ತುಕ್ಕಿನ ಚಕ್ಕೆಗಳೂ ಜೊತೆಗೆ ಉದುರಿದವು. ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗದ ಬಳಿ ಬೆರಳು ತೂರುವಷ್ಟು ತೂತು. ಬ್ರೇಕ್ ಪೈಪಿಗೂ ತುಕ್ಕು. ನೋಡಿದವರು ಕೊಟ್ಟ ಸಲಹೆ ಸುಲಭದ್ದು: ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದುಬಿಡು, ಯಾರು ಬಗ್ಗಿ ನೋಡುತ್ತಾರೆ?

ಅವನು ನನ್ನ ಬಳಿ ತಂದ ಪ್ರಶ್ನೆ ಬೇರೆಯೇ ಆಗಿತ್ತು. “ಫಾದರ್, ತೊಳೆಯದೆ ಮಾರಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆಗಲೂ ಪಾಪವಾಗುತ್ತಿತ್ತೇ?”

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೋಲಾಜಿಕಾ’ದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಗುರುಮಠದ ದಿನಗಳಲ್ಲಿ ಆ ಕುದುರೆ ವ್ಯಾಪಾರದ ಪುಟಗಳು ನಮಗೆ ಒಣ ಪಾಠವೆನಿಸಿದ್ದವು. ದೋಷ ತಿಳಿಯದೆ ಮಾರಿದವನಿಗೆ ಪಾಪವಿಲ್ಲ ಎನ್ನುತ್ತಾರೆ ಅವರು. ಆದರೆ ತಿಳಿದ ದಿನ ಕೊಂಡವನ ನಷ್ಟ ತುಂಬಿಕೊಡಬೇಕು. ಕುದುರೆಗೆ ಒಂದು ಕಣ್ಣಿಲ್ಲದಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ಬೆಲೆಯನ್ನು ತಕ್ಕಂತೆ ಇಳಿಸಿದರೆ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ದೋಷ ಅಡಗಿದ್ದು, ಅದರಿಂದ ಅಪಾಯವೋ ನಷ್ಟವೋ ಆಗುವಂತಿದ್ದರೆ, ಹೇಳದೆ ಮಾರುವುದು ಮೋಸ. ಆಗುಂಬೆಯ ಇಳಿಜಾರಿನಲ್ಲಿ ಒಡೆಯಬಹುದಾದ ಬ್ರೇಕ್ ಪೈಪು ಯಾವ ಬಗೆಯದೆಂದು ವಿವರಿಸಬೇಕಾಗಿಲ್ಲ. ಕುರುಡನ ದಾರಿಯಲ್ಲಿ ಎಡವುಗಲ್ಲಿಡಬಾರದೆಂಬ ಯಾಜಕಕಾಂಡದ ಆಜ್ಞೆ ಇಲ್ಲಿಗೂ ಅನ್ವಯಿಸುತ್ತದೆ.

ಹಾಗಿದ್ದರೆ ತೊಳೆಯದಿರುವುದೇ ಜಾಣತನವಲ್ಲವೇ? ಇಲ್ಲಿ ಸ್ವಲ್ಪ ನಿಲ್ಲೋಣ. ಧರ್ಮಸಭೆಯ ನೀತಿಶಾಸ್ತ್ರವು ಅಜ್ಞಾನದಲ್ಲಿ ಭೇದ ಕಾಣುತ್ತದೆ. ತಿಳಿಯಲು ದಾರಿಯೇ ಇಲ್ಲದವನ ಅಜ್ಞಾನ ಒಂದು. ತಿಳಿದರೆ ಕಷ್ಟವೆಂದು ಬೇಕೆಂದೇ ಕಣ್ಣು ಮುಚ್ಚಿಕೊಂಡವನ ಅಜ್ಞಾನ ಇನ್ನೊಂದು. ಎರಡನೆಯದು ತಪ್ಪನ್ನು ಕಡಿಮೆ ಮಾಡುವುದಿಲ್ಲ. ಏನಿದೆಯೋ ಎಂಬ ಶಂಕೆಯಿಂದಲೇ ಕೆಸರನ್ನು ಕೆರೆಯದೆ ಬಿಟ್ಟವನು ಕೆಸರಿನಿಂದಲೇ ಪುಟ್ಟಿ ಮೆತ್ತಿದಂತೆ. ನಮ್ಮ ಮನೆಗಳಲ್ಲಿಯೂ ಇಂತಹ ಕೆಸರು ಇದೆ. ಮಗನ ಜೇಬಿನಲ್ಲಿರುವ ಹಣ ಎಲ್ಲಿಂದ ಬಂತೆಂದು ಕೇಳದ ತಂದೆ, ಕೊಳ್ಳುವ ಜಮೀನಿನ ಮೇಲೆ ಯಾರದೋ ವಿಧವೆಯ ಹಕ್ಕಿದೆಯೇ ಎಂದು ವಿಚಾರಿಸದ ಗೃಹಸ್ಥ, ಇವರೆಲ್ಲರೂ “ನನಗೆ ಗೊತ್ತಿರಲಿಲ್ಲ” ಎನ್ನುವವರೇ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಬೇಕೆಂದು ಧರ್ಮಸಭೆ ಹೇಳುವುದಕ್ಕೆ ಇದೂ ಒಂದು ಕಾರಣ.

ಅಕ್ವಿನಾಸರ ಇನ್ನೊಂದು ಮಾತು ನನಗೆ ಬಹಳ ಮಾನವೀಯವೆನಿಸುತ್ತದೆ. ದೋಷವನ್ನು ಡಂಗುರ ಹೊಡೆಸಿ ಸಾರಬೇಕಾಗಿಲ್ಲ ಎನ್ನುತ್ತಾರೆ ಅವರು. ಡಂಗುರ ಕೇಳಿದವರು ಹತ್ತಿರವೂ ಬಾರದೆ ಹೋದಾರು. ಒಂದು ವಿಷಯದಲ್ಲಿ ಕೆಟ್ಟದ್ದು ಇನ್ನೆಷ್ಟೋ ವಿಷಯಗಳಲ್ಲಿ ಉಪಯುಕ್ತವೆಂಬುದು ಅವರಿಗೆ ತಿಳಿಯದು. ಕೊಳ್ಳಲು ಬಂದವನಿಗೆ ಹೇಳಿದರೆ ಸಾಕು. ಅವನು ಒಳಿತು ಕೆಡುಕುಗಳನ್ನು ತೂಗಿ ನೋಡುತ್ತಾನೆ. ಆದ್ದರಿಂದ ಕ್ಯಾಬಿನ್ನನ್ನು ಎಷ್ಟು ಬೇಕಾದರೂ ಹೊಳೆಯಿಸಲಿ, ಸೀಟಿಗೆ ಹೊಸ ಹೊದಿಕೆ ಹಾಕಲಿ. ಇಂಜಿನು ಇನ್ನೂ ಗಟ್ಟಿಯಾಗಿದ್ದರೆ ಅದನ್ನೂ ಹೆಮ್ಮೆಯಿಂದ ಹೇಳಲಿ. ಬ್ರೇಕ್ ಪೈಪನ್ನು ಮಾತ್ರ, ಗಾಡಿಯನ್ನು ಯಾರಿಗಾದರೂ ಓಡಿಸಿ ತೋರಿಸುವ ಮೊದಲೇ ಬದಲಾಯಿಸಬೇಕು. ಚಾಸಿಯ ತೂತನ್ನು ಬಣ್ಣ ಬಳಿಯದೆ ತೋರಿಸಬೇಕು. ಇಲ್ಲವೇ ತುಕ್ಕನ್ನು ಕತ್ತರಿಸಿ ತೆಗೆಸಿ, ಬಲ್ಲವರಿಂದ ವೆಲ್ಡಿಂಗ್ ಮಾಡಿಸಿ, ಮಾಡಿಸಿದ್ದೇನೆಂದು ತಿಳಿಸಬೇಕು.

ಹೀಗೆ ಮಾಡಿದರೆ ಬೆಲೆ ಇಳಿಯುವುದು ಖಂಡಿತ. ಯಾರೂ ಮುಂದೆ ಬಾರದಿದ್ದರೆ ಗುಜರಿಯವರ ದರಕ್ಕೆ ಕೊಡಬೇಕಾದೀತು. ಬಲಿಪೀಠದಿಂದ ಪ್ರಾಮಾಣಿಕತೆಯನ್ನು ಬೋಧಿಸುವುದು ನನಗೆ ಖರ್ಚಿಲ್ಲದ ಕೆಲಸ. ಆ ಮನೆಗೆ ಅದು ಒಂದು ವರ್ಷದ ಶುಲ್ಕ. ಸತ್ಯ ನುಡಿದವನ ನಷ್ಟವನ್ನು ಅವನೊಬ್ಬನೇ ಹೊರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಸೇರುವ ಸಂತ ವಿನ್ಸೆಂಟ್ ಪಾವ್ಲರ ಸಭೆಯ ಮುಂದೆ, ಹೆಸರು ಹೇಳದೆ, ತಂಗಿಯ ಶುಲ್ಕದ ವಿಷಯವನ್ನು ಇಡಲಿದ್ದೇನೆ.