ಹಬ್ಬದ ಇನಾಮು ಮತ್ತು ದಾಸೋಹ ಭಾವ

ದಾನಕ್ಕಿಂತ ಸುಲಭವಾದ ಧರ್ಮ ಬೇರೊಂದಿಲ್ಲವೆಂದು ಲೋಕವು ಭಾವಿಸಿದೆ. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಸಂತೋಷ. ಇದರಲ್ಲಿ ವಿಚಾರಿಸಬೇಕಾದುದೇನಿದೆ ಎಂದು ಕೇಳುವವರುಂಟು. ಆದರೆ ನಾವು ಕೊಡುತ್ತಿರುವುದು ನಿಜವಾಗಿ ದಾನವೋ ಅಥವಾ ಸಲ್ಲಿಸದೆ ಉಳಿಸಿಕೊಂಡ ಋಣವೋ ಎಂಬ ವಿವೇಚನೆ ಇಲ್ಲದಿದ್ದರೆ, ಕೊಟ್ಟ ಕೈಯೇ ಮಲಿನವಾಗುವುದು.

ದೀಪಾವಳಿ ಬಂತೆಂದರೆ ನಮ್ಮ ಚಿಕ್ಕೇರೂರಿನ ಸುತ್ತಿನ ಹಳ್ಳಿಗಳಲ್ಲಿ ಹೊಲದ ಆಳುಗಳಿಗೆ, ಮನೆಗೆಲಸದವರಿಗೆ, ಬೀದಿ ಗುಡಿಸುವವರಿಗೆ ಬಟ್ಟೆಯನ್ನೋ ಹಣವನ್ನೋ ಇನಾಮೆಂದು ಕೊಡುವ ವಾಡಿಕೆಯಿದೆ. ಒಂದು ವರ್ಷ ನಾನೂ ನಮ್ಮ ಮನೆಯ ಕಸ ಮುಸುರೆ ಮಾಡುವ ಹಿರಿಯ ತಾಯಿಗೆ ಒಳ್ಳೆಯ ಸೀರೆಯೊಂದನ್ನು ನಾಲ್ಕು ಜನರ ಎದುರಿಗೆ ಹೆಮ್ಮೆಯಿಂದ ಕೊಟ್ಟೆನು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ಜನರು ಹೋದ ಮೇಲೆ ಮೆಲ್ಲನೆ ಹೇಳಿದಳು: “ಸೀರಿ ಚಲೋ ಐತ್ರಿ, ಯಜಮಾನ್ರ. ಆದ್ರ ಹಬ್ಬ ವರ್ಷಕ್ಕೊಮ್ಮೆ ಬರತೈತಿ, ಹೊಟ್ಟಿ ದಿನಾ ಕೇಳತೈತಿ. ಮೂರು ವರ್ಷಾತು, ಪಗಾರ ಅಷ್ಟ ಐತಿ.” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಏರಿಸದೆ ಉಳಿಸಿಕೊಂಡ ಪಗಾರದಲ್ಲಿ ಅಂಥ ಸೀರೆಗಳು ಎಷ್ಟು ಬರುತ್ತಿದ್ದವೆಂದು ಲೆಕ್ಕ ಹಾಕಿದಾಗ, ಆಕೆಯ ದುಡಿಮೆಯ ಹಣದಿಂದಲೇ ನಾನು ದಾನಿಯಾಗಿದ್ದೆನೆಂಬುದು ತಿಳಿಯಿತು.

ಈ ಗೊಂದಲವು ಒಂದು ಮನೆಯದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳು ಲಾಭ ಹೆಚ್ಚಿದುದರಿಂದ ಕಾರ್ಮಿಕರಿಗೆ ಬೋನಸ್ ಕೊಡತೊಡಗಿದವು. ಅದನ್ನು ನಿಲ್ಲಿಸಿದಾಗ 1924ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಅದು ತಮ್ಮ ಔದಾರ್ಯವೆಂದು ಮಾಲಕರು ತಿಳಿದರೆ, ಅದು ತಮ್ಮ ಬೆವರಿನ ಪಾಲೆಂದು ಕಾರ್ಮಿಕರು ಸಾಧಿಸಿದರು. ಕೊನೆಗೆ 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂದಿತು. ಮುಂದೆ ಕನಿಷ್ಠ ಬೋನಸ್ಸು ವರ್ಷದ ವೇತನದ ಶೇಕಡಾ 8.33, ಅಂದರೆ ಹನ್ನೆರಡರಲ್ಲಿ ಒಂದು ಪಾಲೆಂದು ನಿಗದಿಯಾಯಿತು. ಒಂದು ಕಾಲದ ಇನಾಮು ಇನ್ನೊಂದು ಕಾಲದ ಹಕ್ಕಾದ ಬಗೆಯಿದು. ಆದರೆ ಮನೆಗೆಲಸದವರಿಗೂ ಹೊಲದ ಕೂಲಿಗಳಿಗೂ ಆ ಹಕ್ಕು ದೊರೆಯಲಿಲ್ಲ. ಅವರ ಪಾಲಿಗೆ ಇಂದಿಗೂ ಯಜಮಾನನ ಮನಸ್ಸೇ ಕಾಯಿದೆ.

ನಮ್ಮ ಜಿಲ್ಲೆಯ ಚೌಡದಾನಪುರದಲ್ಲಿ ತುಂಗಭದ್ರೆಯ ದಡದಿಂದ ದಡಕ್ಕೆ ಜನರನ್ನು ದಾಟಿಸಿ, ಆ ಕಾಯಕದಿಂದಲೇ ಶರಣಪದವಿಯನ್ನು ಪಡೆದವರು ಅಂಬಿಗರ ಚೌಡಯ್ಯನವರು. ಇಂದು ಹೊರದೇಶಗಳಲ್ಲಿರುವ ನಮ್ಮ ಮಕ್ಕಳು ಕ್ರಿಸ್‌ಮಸ್ ರಜೆಯಲ್ಲಿ ಸಾವಿರಾರು ಜನರನ್ನು ಹೊರುವ ವಿಹಾರದ ಹಡಗುಗಳನ್ನು ಏರುತ್ತಾರೆ. ಅಲ್ಲಿ ಹಾಸಿಗೆ ಹಾಸುವವರು, ಊಟ ಬಡಿಸುವವರು ಬಹುಮಟ್ಟಿಗೆ ಭಾರತ, ಫಿಲಿಪ್ಪೀನ್ಸ್ ಮೊದಲಾದ ದೇಶಗಳವರು; ಮನೆಯನ್ನು ಬಿಟ್ಟು ತಿಂಗಳುಗಟ್ಟಲೆ ನೀರಿನ ಮೇಲೆ ದುಡಿಯುವವರು. ಅನೇಕ ಹಡಗುಗಳಲ್ಲಿ ತಲೆಗೆ ದಿನಕ್ಕಿಷ್ಟೆಂದು ಭಕ್ಷೀಸಿನ ಹಣವನ್ನು ಪ್ರಯಾಣಿಕರ ಲೆಕ್ಕಕ್ಕೆ ತಾನಾಗಿಯೇ ಸೇರಿಸಲಾಗುತ್ತದೆ. ಅಮೆರಿಕದ ನೆಲದ ಮೇಲೂ ಇದೇ ರೀತಿ. ಅಲ್ಲಿಯ ಕೇಂದ್ರ ಕಾನೂನು 2009ರಿಂದ ಗಂಟೆಗೆ 7.25 ಡಾಲರ್ ಕನಿಷ್ಠ ವೇತನವನ್ನು ವಿಧಿಸಿದ್ದರೂ, ಭಕ್ಷೀಸು ಪಡೆಯುವ ಕೆಲಸಗಾರನಿಗೆ ಮಾಲಕನು ತನ್ನ ಕೈಯಿಂದ 2.13 ಡಾಲರ್ ಕೊಟ್ಟು, ಉಳಿದುದನ್ನು ಗಿರಾಕಿಯ ಭಕ್ಷೀಸಿನಿಂದ ತುಂಬಿಸಬಹುದು. ಈ ಮೊತ್ತವು 1991ರಿಂದ ಬದಲಾಗಿಲ್ಲ. ಆದರೆ ಬಹುಪಾಲು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ. ಹೀಗೆ ಸಂಬಳವೇ ಭಕ್ಷೀಸಿನ ವೇಷ ಧರಿಸಿದಾಗ, ಅದನ್ನು ಕೊಡದೆ ಉಳಿಸುವವನು ಮಿತವ್ಯಯಿಯಲ್ಲ. ಇನ್ನೊಬ್ಬರ ಕೂಲಿಯನ್ನು ಕಡಿದವನು. ಕೊಟ್ಟವನೂ ದಾನಿಯೆಂದು ಬೀಗಬೇಕಾದುದಿಲ್ಲ.

ಪಡೆಯುವವರ ಘನತೆಯ ಪ್ರಶ್ನೆಯೂ ಇಲ್ಲಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ತಮ್ಮ ಕಾಯಕಕ್ಕೆ ಸಂದುದಲ್ಲವೆಂದು ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರೆಂಬ ಕಥೆ ಭಕ್ತರೆಲ್ಲರಿಗೂ ತಿಳಿದದ್ದೇ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರೂ ಹಗ್ಗದ ಬೆಲೆಗೆ ಮೀರಿ ಬಂದ ಹೊನ್ನನ್ನು ಒಪ್ಪಲಿಲ್ಲ. ಆದರೆ ಈ ಕಥೆಗಳನ್ನು ಹೇಳಿ ಬಡವರಿಗೆ ನಿರಾಸೆಯ ಪಾಠ ಬೋಧಿಸುವುದು ಉಳ್ಳವರಿಗೆ ಸಲ್ಲದು. ಕಾಯಕಕ್ಕೆ ತಕ್ಕ ಫಲ ದಿನವೂ ದೊರೆಯುತ್ತಿದ್ದುದರಿಂದಲೇ ಲಕ್ಕಮ್ಮನವರಿಗೆ ಹೆಚ್ಚಿನದನ್ನು ಬೇಡವೆನ್ನುವ ಸ್ವಾತಂತ್ರ್ಯವಿತ್ತು. ಆ ಸ್ವಾತಂತ್ರ್ಯವನ್ನು ನಮ್ಮ ಆಳುಗಳಿಗೆ ನಾವು ಉಳಿಸಿದ್ದೇವೆಯೇ? ಬೇಡವೆನ್ನಲಾರದವನಿಗೆ ಕೊಟ್ಟು, ಅವನ ಕೃತಜ್ಞತೆಯನ್ನು ಸ್ವೀಕರಿಸುವುದು ಒಂದು ಬಗೆಯ ಸುಲಿಗೆಯೇ ಸರಿ.

ಹಾಗಾದರೆ ಹಬ್ಬದಲ್ಲಿ ಏನನ್ನೂ ಕೊಡಬಾರದೇ? ಕೊಡಲೇಬೇಕು. ಹಬ್ಬದ ಸಂತೋಷವನ್ನು ಹಂಚಿಕೊಳ್ಳದ ಮನೆಯಲ್ಲಿ ದೀಪ ಉರಿದರೂ ಬೆಳಕಿರದು. ಆದರೆ ಕೂಲಿಯು ಮುಂದಿರಬೇಕು, ಉಡುಗೊರೆಯು ಅದರ ಹಿಂದೆ ಬರಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಮಠದ ಪಂಕ್ತಿಯಲ್ಲಿ ಬಡಿಸಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬಡಿಸುವವನು ಬಾಗುತ್ತಾನೆ, ಉಣ್ಣುವವನು ಬಾಗುವುದಿಲ್ಲ.

ಆ ತಾಯಿಯ ಪಗಾರವನ್ನು ಆ ತಿಂಗಳಿನಿಂದಲೇ ಏರಿಸಿದೆನು. ಹಿಂದಿನ ಮೂರು ವರ್ಷದ ಬಾಕಿಯನ್ನೂ ಎಣಿಸಿ ಕೊಟ್ಟೆನು. ಮರುವರ್ಷದ ಹಬ್ಬಕ್ಕೆ ಸೀರೆಯನ್ನು ನಮ್ಮ ಮನೆಯವರು ಯಾರೂ ಇಲ್ಲದಾಗ ಆಕೆಯ ಕೈಗಿತ್ತರು. ಆಗ ಆಕೆ ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಬಿಚ್ಚಿ ನೋಡಿ, “ಅಂಚು ಸ್ವಲ್ಪ ದೊಡ್ಡದಿರಬೇಕಿತ್ರೀ, ಅಕ್ಕಾರ” ಎಂದು ನಕ್ಕಳು. ನಾನು ಕೊಟ್ಟ ವಸ್ತುವು ಉಡುಗೊರೆಯಾದದ್ದು ಅಂದೇ.