ಕೆಲಸಕ್ಕೆ ಮೊದಲೇ ಬಂದ ಮೆಚ್ಚುಗೆ

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಯೇಸು ನಜರೇತಿನಿಂದ ಬಂದು ಯೊರ್ದನ್ ಹೊಳೆಗೆ ಇಳಿಯುತ್ತಾರೆ. ಯೋಹಾನನಿಂದ ದೀಕ್ಷಾಸ್ನಾನ ಪಡೆದು ಮೇಲೇಳುತ್ತಿದ್ದಂತೆ ಆಕಾಶದಿಂದ ಧ್ವನಿಯೊಂದು ಕೇಳಿಸುತ್ತದೆ. ಅವರನ್ನು ತನ್ನ ಪ್ರಿಯ ಮಗನೆಂದು ಕರೆಯುತ್ತದೆ, ಅವರನ್ನು ಮೆಚ್ಚಿರುವುದಾಗಿ ಹೇಳುತ್ತದೆ. ಈ ಮಾತು ಬಂದ ಹೊತ್ತನ್ನು ನೋಡಿ. ಅಲ್ಲಿಯವರೆಗೆ ಯೇಸು ಒಬ್ಬ ಕುಷ್ಠರೋಗಿಯನ್ನೂ ಮುಟ್ಟಿ ವಾಸಿಮಾಡಿಲ್ಲ, ಒಂದು ಸಾಮ್ಯವನ್ನೂ ಹೇಳಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿಲ್ಲ. ಊರವರ ಕಣ್ಣಿಗೆ ಅವರು ಬಡಗಿ, ಅಷ್ಟೆ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ ಶುರುವಾಯಿತು.

ಇದರ ಬೆನ್ನಿಗೇ ಮರುಭೂಮಿ. ಮತ್ತಾಯ ಬರೆದಂತೆ, ಸೈತಾನ ಮೊದಲು ಕೈಹಾಕುವುದೇ ಆ ಮೆಚ್ಚುಗೆಗೆ. ದೇವರ ಮಗನೇ ಆಗಿದ್ದರೆ ಕಲ್ಲುಗಳನ್ನು ರೊಟ್ಟಿ ಮಾಡಿ ತೋರಿಸು ಎನ್ನುತ್ತಾನೆ. ಯೇಸುವಿಗೆ ಹಸಿವಿತ್ತು. ಆದರೂ ಅವರು ಮಾಡಿ ತೋರಿಸಲಿಲ್ಲ.

ನಮಗೆ ಮಾಡಿ ತೋರಿಸಿಯೇ ಅಭ್ಯಾಸ. ನೋಟಿಸ್ ಬೋರ್ಡಿಗೆ ಅಂಟಿಸಿದ ಪಟ್ಟಿಯ ಮೇಲೆ ಬೆರಳಿಟ್ಟು, ಮೇಲಿಂದ ಕೆಳಗೆ ತಮ್ಮ ಹೆಸರು ಹುಡುಕಿದವರಿಗೆಲ್ಲ ಅದು ಗೊತ್ತು. ಹಾಲೆಂಡಿನ ಕಥೋಲಿಕ ಪಾದ್ರಿ ಹೆನ್ರಿ ನೌವೆನ್ ಅಂಥ ಪಟ್ಟಿಗಳಲ್ಲೆಲ್ಲ ಹೆಸರಿದ್ದವರು. ಯೇಲ್‌ನಲ್ಲಿ, ಹಾರ್ವರ್ಡ್‌ನಲ್ಲಿ ಪಾಠ ಮಾಡಿದವರು. ಅವರ ಪುಸ್ತಕಗಳಿಗೆ ದೇಶದೇಶಗಳಲ್ಲಿ ಓದುಗರಿದ್ದರು. 1986ರಲ್ಲಿ ಅವರು ಇದೆಲ್ಲದರಿಂದ ದೂರ ಸರಿದು ಕೆನಡಾದ ಟೊರಾಂಟೊ ಬಳಿಯ ಡೇಬ್ರೇಕ್ ಎಂಬಲ್ಲಿಗೆ ಹೋದರು. ಬುದ್ಧಿಮಾಂದ್ಯರೂ ಅವರ ಜೊತೆಗಾರರೂ ಒಂದೇ ಮನೆಯವರಂತೆ ಬಾಳುವ ಲಾರ್ಶ್ ಬಳಗದ ನೆಲೆ ಅದು. ಬೆಂಗಳೂರಿನ ಆಶಾ ನಿಕೇತನವೂ ಇದೇ ಬಳಗದ್ದು.

ಅಲ್ಲಿ ನೌವೆನ್‌ಗೆ ವಹಿಸಿದ್ದು ಆಡಂ ಎಂಬ ಯುವಕನ ಬೆಳಗಿನ ಆರೈಕೆ. ಆಡಂಗೆ ಮಾತಿಲ್ಲ. ಯಾರಾದರೂ ಹಿಡಿದುಕೊಳ್ಳದೆ ನಡೆಯಲಾರ, ಬಟ್ಟೆ ಹಾಕಿಕೊಳ್ಳಲಾರ. ಮೇಲಿಂದ ಮೇಲೆ ಮೂರ್ಛೆರೋಗ. ಎಬ್ಬಿಸಿ, ಔಷಧಿ ಕೊಟ್ಟು, ಸ್ನಾನ ಮಾಡಿಸಿ, ಗಡ್ಡ ಹೆರೆದು, ಬಟ್ಟೆ ತೊಡಿಸಿ, ತಿಂಡಿಗೆ ಕೂರಿಸುವ ಹೊತ್ತಿಗೆ ಗಂಟೆಗಟ್ಟಲೆ ಸರಿದಿರುತ್ತಿತ್ತು. ನೌವೆನ್ ಮೊದಲು ಹೆದರಿದರು. ಹೆದರಿಕೆ ಹೋದ ಮೇಲೆ ಅವಸರ ಬಂತು, ಅವರಿಗೆ ಬೇರೆ ಕೆಲಸಗಳಿದ್ದವಲ್ಲ. ಅವಸರದಲ್ಲಿ ತೋಳಿಗೆ ಅಂಗಿ ತೂರಿಸಲು ಹೋದರೆ ಕೆಲವೊಮ್ಮೆ ಆಡಂಗೆ ಫಿಟ್ಸ್ ಬಂದುಬಿಡುತ್ತಿತ್ತು. ಆಗ ಎಲ್ಲ ಬಿಟ್ಟು ಅವನನ್ನು ಮಲಗಿಸಿ, ಪಕ್ಕದಲ್ಲೇ ಕಾಯಬೇಕು. ಹಾರ್ವರ್ಡ್, ಯೇಲ್, ಪುಸ್ತಕ ಯಾವುದೂ ಆಡಂಗೆ ಗೊತ್ತಿರಲಿಲ್ಲ. ಆಡಂ ತನ್ನ ಜೀವನದಲ್ಲಿ ಯಾವುದನ್ನೂ ಮಾಡಿ ತೋರಿಸುವಂತಿರಲಿಲ್ಲ. ಯೊರ್ದನಿನಲ್ಲಿ ಕೇಳಿದ ಮಾತು ಇವನ ಪಾಲಿಗೂ ನಿಜವಾಗಿದ್ದರೆ, ಅದು ಇವನ ಸಾಧನೆಗೆ ಬಂದದ್ದಂತೂ ಅಲ್ಲ. ಆ ಆರೈಕೆಯ ನಡುವೆ ನೌವೆನ್‌ಗೆ ಇದು ಹೊಳೆಯಿತು. ಇವನ ಪಾಲಿಗೆ ನಿಜವಾದದ್ದು ತನ್ನ ಪಾಲಿಗೂ ಅಷ್ಟೇ ನಿಜ ಎಂಬುದೂ ಹೊಳೆಯಿತು.

ಪ್ರಿಯ ಎಂದರೆ ದೇವರು ಆರಿಸಿಕೊಂಡವನು. ಹಾಗೆ ಆರಿಸಿಕೊಂಡರು ಎಂದ ಕೂಡಲೇ ಕೆಲವರ ಮನಸ್ಸು ಹಿಂಜರಿಯುತ್ತದೆ. ಹಾಗಾದರೆ ಉಳಿದವರ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ಆಯ್ಕೆಯ ಹೆಮ್ಮೆ ಚರಿತ್ರೆಯಲ್ಲಿ ಬೇಕಾದಷ್ಟು ಗಾಯ ಮಾಡಿದೆ. ಆದರೆ ಬೈಬಲಿನ ಲೆಕ್ಕ ನಮ್ಮ ನೋಟಿಸ್ ಬೋರ್ಡಿನ ಲೆಕ್ಕವಲ್ಲ. ಅಬ್ರಹಾಮನನ್ನು ಕರೆದಾಗಲೇ, ಅವನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಎಂದಾಗಿತ್ತು. ಇಸ್ರೇಲರಿಗೆ ಮೋಶೆ ಹೇಳಿದ್ದೂ ಹಾಗೆಯೇ: ದೇವರು ಆರಿಸಿಕೊಂಡದ್ದು ಅವರು ದೊಡ್ಡ ಜನಾಂಗವೆಂದಲ್ಲ, ಅವರು ಎಲ್ಲರಿಗಿಂತ ಸಣ್ಣವರು, ದೇವರಿಗೆ ಅವರ ಮೇಲೆ ಪ್ರೀತಿ, ಪೂರ್ವಿಕರಿಗೆ ಕೊಟ್ಟ ಮಾತು, ಅದೇ ಕಾರಣ. ಪ್ರೀತಿಗೆ ಏನು ಕಾರಣವೆಂದು ಮೋಶೆ ಹೇಳುವುದೇ ಇಲ್ಲ. ನೌವೆನ್ 1992ರಲ್ಲಿ, ಧರ್ಮದಿಂದ ದೂರವಿದ್ದ ಗೆಳೆಯನೊಬ್ಬನಿಗಾಗಿ ಒಂದು ಪುಸ್ತಕ ಬರೆದರು. ದೇವರು ಒಬ್ಬನನ್ನು ಆರಿಸಿಕೊಳ್ಳಲು ಇನ್ನೊಬ್ಬನನ್ನು ಬಿಡಬೇಕಾಗಿಲ್ಲ, ತಾನು ಪ್ರಿಯನೆಂದು ಅರಿತವನ ಕಣ್ಣಿಗೆ ಎದುರಿನವನೂ ಪ್ರಿಯನಾಗಿ ಕಾಣತೊಡಗುತ್ತಾನೆ ಎಂಬುದು ಅದರಲ್ಲಿ ಅವರ ವಾದ. ನನಗೆ ಇದು ಒಪ್ಪಿಗೆ. ಪಕ್ಕದವನನ್ನು ಕೀಳಾಗಿ ಕಾಣಿಸುವ ಆಯ್ಕೆ ಯೇಸುವಿನ ದೇವರದ್ದಲ್ಲ.

ಆಡಂನಿಂದ ಇಷ್ಟು ತಿಳಿದವರಿಗೂ ಕತ್ತಲು ತಪ್ಪಲಿಲ್ಲ. ಆ ಪುಸ್ತಕಕ್ಕೂ ಮುಂಚೆ, 1987ರ ಕೊನೆಯಲ್ಲಿ, ಆಪ್ತ ಸ್ನೇಹವೊಂದು ಮುರಿದುಬಿದ್ದು ನೌವೆನ್ ಕುಸಿದುಹೋದರು. ಡೇಬ್ರೇಕ್ ಬಿಟ್ಟು ತಿಂಗಳುಗಟ್ಟಲೆ ದೂರವಿದ್ದು ಚಿಕಿತ್ಸೆ ಪಡೆದರು. ಊಟ, ನಿದ್ದೆ ಯಾವುದೂ ಸೇರದ ದಿನಗಳವು. ಆ ದಿನಗಳಲ್ಲಿ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳನ್ನು ಅವರು ಬಹಳ ವರ್ಷ ಹೊರಗೆ ಕೊಡಲಿಲ್ಲ, 1996ರಲ್ಲಷ್ಟೇ ಅವು ಅಚ್ಚಾದವು. ನೀನು ಪ್ರಿಯ ಎಂಬ ಮಾತನ್ನು ಮನಸ್ಸು ನಂಬಲೊಲ್ಲದ ದಿನ ಎಂಥದ್ದೆಂದು ಬಲ್ಲವರು ಅವನ್ನು ಓದಬೇಕು. ಆ ಮಾತು ಕೇಳಿಸದಿದ್ದ ದಿನಗಳಲ್ಲೂ ಅದು ರದ್ದಾಗಿರಲಿಲ್ಲ. ನೌವೆನ್ ಅದನ್ನು ಹಿಡಿದುಕೊಂಡಿರಲಿಲ್ಲ, ಅದು ಅವರನ್ನು ಹಿಡಿದುಕೊಂಡಿತ್ತು.

1996ರ ಫೆಬ್ರವರಿಯಲ್ಲಿ, 34ನೇ ವಯಸ್ಸಿನಲ್ಲಿ, ಆಡಂ ತೀರಿಕೊಂಡ. ನೌವೆನ್ ಅವನ ಕಥೆ ಬರೆಯಲು ಕೂತರು, ಮುಗಿಸುವ ಮುನ್ನವೇ ಸೆಪ್ಟೆಂಬರಿನಲ್ಲಿ ತಾವೂ ಹೋದರು. ಮರುವರ್ಷ ಪ್ರಕಟವಾದ ಆ ಪುಸ್ತಕದಲ್ಲಿ ಆಡಂನ ಬದುಕು ಯೇಸುವಿನ ಬದುಕಿನ ಕ್ರಮದಲ್ಲೇ ಸಾಗುತ್ತದೆ: ಮರೆಯ ದಿನಗಳು, ಮರುಭೂಮಿ, ಜನರ ನಡುವಿನ ದಿನಗಳು, ಯಾತನೆ, ಮರಣ, ಪುನರುತ್ಥಾನ. ಒಂದು ಮಾತೂ ಆಡದವನ ಚರಿತ್ರೆಗೆ ಬೇರೆ ಅಳತೆಗೋಲು ನೌವೆನ್‌ಗೆ ಬೇಕಾಗಲಿಲ್ಲ.