ನಾನು ಸಾಕ್ಷಿ ಯಾವುದಕ್ಕೆ?

ಎಂಟು ವರ್ಷಗಳ ಹಿಂದೆ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ಅವರ ಉಯಿಲಿಗೆ ಸಾಕ್ಷಿ ಹಾಕಿದ್ದೆ. "ಓದ್ತೀಯೇನೋ?" ಎಂದು ಕೇಳಿದ್ದರು. "ಬೇಡ ದೊಡ್ಡಪ್ಪ, ಅದು ನಿಮ್ಮ ವಿಷಯ" ಎಂದಿದ್ದೆ. ಅದನ್ನು ಸಭ್ಯತೆ ಎಂದುಕೊಂಡಿದ್ದೆ.

ಅವರು ತೀರಿಕೊಂಡ ಮೇಲೆ ಉಯಿಲಿನಲ್ಲಿ ಏನಿದೆ ಎಂದು ತಿಳಿಯಿತು. ಮನೆ, ತೋಟ ಎಲ್ಲವೂ ಗಂಡುಮಕ್ಕಳಿಬ್ಬರಿಗೆ. ಅಕ್ಕನ ಪಾಲಿಗೆ ಒಂದೇ ಸಾಲು: ಅವಳಿಗೆ ಕೊಡಬೇಕಾದ್ದನ್ನು ಮದುವೆಯಲ್ಲೇ ಕೊಟ್ಟಾಗಿದೆ. ಉಯಿಲು ಬರೆದ ಮೇಲಿನ ಆರು ವರ್ಷ, ಕೊನೆಯ ದಿನದವರೆಗೂ, ಅವರಿಗೆ ಸ್ನಾನ ಮಾಡಿಸಿ ಊಟ ತಿನ್ನಿಸಿದವಳು ಅವಳೇ. ಅಕ್ಕ ಪಾಲು ಕೇಳಿ ದಾವೆ ಹಾಕಿದಳು, ಅಣ್ಣಂದಿರು ಉಯಿಲು ಮುಂದಿಟ್ಟರು, ನನಗೆ ಸಮನ್ಸ್ ಬಂತು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಒಳಗೇನು ಬರೆದಿದೆ ಎಂಬುದು ಸಾಕ್ಷಿಗೆ ತಿಳಿದಿರಬೇಕಾಗಿಯೂ ಇಲ್ಲ. ಆದರೆ ಸಾಕ್ಷಿಗಳು ಬದುಕಿದ್ದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಲೇಬೇಕು. ನನ್ನ ಜೊತೆ ಸಹಿ ಹಾಕಿದ್ದವರು ಈಗಿಲ್ಲ. ಉಳಿದವನು ನಾನೊಬ್ಬ.

ಇಷ್ಟು ಕಟ್ಟುನಿಟ್ಟು ಏಕೆ? 1958ರಲ್ಲಿ ಮೈಸೂರಿನಿಂದ ಹೋಗಿದ್ದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರಣ ಹೇಳಿತು. ಉಯಿಲು ಮಾತಾಡತೊಡಗುವುದು ಅದನ್ನು ಬರೆದವರು ಸತ್ತ ಮೇಲೆ. ಇದು ನನ್ನದೇ ಎಂದೋ ಅಲ್ಲವೆಂದೋ ಹೇಳಲು ಅವರು ಬರಲಾರರು. ಹಾಗಾಗಿ ಅನುಮಾನಗಳೆಲ್ಲ ನಿವಾರಣೆಯಾಗಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನವಾಗಬೇಕು.

ದೊಡ್ಡಪ್ಪ ಉಯಿಲನ್ನು ಯಾವಾಗ ಬೇಕಾದರೂ ಬದಲಿಸಬಹುದಿತ್ತು. ಮರೆತರೋ, ಬೇಡವೆಂದುಕೊಂಡರೋ, ಇನ್ನು ಕೇಳುವಂತಿಲ್ಲ. "ಅವತ್ತು ಅವರಿಗೆ ನೆನಪು ಸರಿ ಇರಲಿಲ್ಲ" ಎಂದು ನಾನೊಂದು ಮಾತು ಹೇಳಿದ್ದರೆ ಉಯಿಲು ಬಿದ್ದುಹೋಗಬಹುದಿತ್ತು. ಉಯಿಲೇ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ನ್ಯಾಯಕ್ಕೂ ನನಗೂ ನಡುವೆ ಇದ್ದದ್ದು ಒಂದು ಸುಳ್ಳು.

ಹಿಂದಿನ ರಾತ್ರಿ ಅಕ್ಕ ಫೋನು ಮಾಡಿದ್ದಳು. ಸುಳ್ಳು ಹೇಳು ಎನ್ನಲಿಲ್ಲ. "ಅಪ್ಪನಿಗೆ ಬುದ್ಧಿ ಸರಿಯಿತ್ತು ಅಂತ ನೀನು ಹೇಳಿದ್ರೆ, ಬೇಕಂತಲೇ ನನ್ನ ಬಿಟ್ರು ಅಂತಾಗುತ್ತೆ ಕಣೋ" ಎಂದಳು. ಅವಳಿಗೆ ತೋಟಕ್ಕಿಂತ ಅದು ದೊಡ್ಡದಾಗಿತ್ತು.

ರಾತ್ರಿಯೆಲ್ಲ ಯೋಚಿಸಿದೆ. ಬದುಕಿರುವವರ ನೋವಿಗಿಂತ ಸತ್ತವರ ಇಚ್ಛೆ ದೊಡ್ಡದೆ? ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡುವಂತಿಲ್ಲ. ಇಚ್ಛೆಗೆ ಅಲ್ಲೊಂದು ಗಡಿಯಿದೆ. ನಮ್ಮಲ್ಲೂ ಅಂಥದ್ದೊಂದು ಬೇಕು ಎಂದೇ ನನಗನ್ನಿಸುತ್ತದೆ. ಆದರೆ ಆ ಗಡಿಯನ್ನು ಕಟಕಟೆಯಲ್ಲಿ ನಿಂತು ನಾನೊಬ್ಬನೇ ಎಳೆದರೆ, ಅದು ಸತ್ತವರ ಹೆಸರಿನಲ್ಲಿ ನಾನು ಬರೆದ ಉಯಿಲಾಗುತ್ತದೆ. ಇವತ್ತು ನನ್ನ ಸುಳ್ಳು ಅಕ್ಕನ ಪರ ಇರಬಹುದು. ಆದರೆ ಇನ್ನೊಂದು ಮನೆಯಲ್ಲಿ, ಮಗಳಿಗೇ ಎಲ್ಲವನ್ನೂ ಬರೆದಿಟ್ಟ ತಾಯಿಯ ಉಯಿಲನ್ನು ಬೀಳಿಸುವುದೂ ಇದೇ ಬಗೆಯ ಸುಳ್ಳು.

ಕಂಡದ್ದನ್ನೇ ಹೇಳಿದೆ. ದೊಡ್ಡಪ್ಪ ಸ್ವಸ್ಥಚಿತ್ತರಾಗಿದ್ದರು, ನನ್ನೆದುರೇ ಸಹಿ ಹಾಕಿದರು. ಪಾಟೀ ಸವಾಲಿನಲ್ಲಿ ಅಕ್ಕನ ವಕೀಲರು ಕೇಳಿದರು: "ಉಯಿಲಿನಲ್ಲಿ ಏನಿದೆ ಎಂದು ನಿಮಗೆ ಗೊತ್ತಿತ್ತೆ?"

"ಇಲ್ಲ" ಎಂದೆ.

ಕಾನೂನಿನ ಪ್ರಕಾರ ಅದು ತಪ್ಪಲ್ಲ. ಆದರೆ ಅವತ್ತು ಕಟಕಟೆಯಲ್ಲಿ ನನ್ನನ್ನು ಕುಟುಕಿದ್ದು ಆ ಒಂದೇ ಉತ್ತರ. ಜಗಲಿಯಲ್ಲಿ ಆ ಕಾಗದ ಓದಿದ್ದರೆ, "ಅಕ್ಕನಿಗೇನಿಲ್ಲವಾ ದೊಡ್ಡಪ್ಪ?" ಎಂದು ಕೇಳಬಹುದಿತ್ತು. ಅವರು ಬೈಯುತ್ತಿದ್ದರೋ, ಯೋಚಿಸುತ್ತಿದ್ದರೋ ಗೊತ್ತಿಲ್ಲ. ಆಗ ಉತ್ತರ ಕೊಡಲು ಅವರಾದರೂ ಇದ್ದರು. ಅವರೇ ಓದಲು ಕೇಳಿದ್ದರು ಕೂಡ.

ದಾವೆ ಇನ್ನೂ ನಡೆಯುತ್ತಿದೆ. ಅಕ್ಕ ಮತ್ತೆ ಫೋನು ಮಾಡಿಲ್ಲ.